ಕೊಂಬೆ ತರಚಿದ ಸೀಟು

ಏಪ್ರಿಲ್ ೧೯, ಭಾನುವಾರ

ತಮ್ಮ ಐಲು ಮಲಗಿದ್ದಾನೆ. ನನಗೆ ನಿದ್ದೆ ಹತ್ತಿರವೂ ಸುಳಿಯುತ್ತಿಲ್ಲ.

ಅವನು ಹಿಮದ ಮೇಲೆ ಓಡಿಸುವ ಬಂಡಿ, ಸ್ನೋಮೊಬೈಲಿನ ಸೀಟು ಬೆರಳುದ್ದ ಹರಿದಿತ್ತು. "ಕೊಂಬೆ ತರಚ್ತು ಅಕ್ಕ, ಒಂದೆರಡು ಹೊಲಿಗೆ ಹಾಕ್ಕೊಡು" ಅಂದಿದ್ದ. ಸಂಜೆ ಸೀಟು ಬಿಚ್ಚಿ ಒಲೆ ಪಕ್ಕ ಕೂತೆ. ಕೊಂಬೆ ತರಚಿದ್ದರೆ ಅಂಚು ಚಿಂದಿಯಾಗಬೇಕಿತ್ತು. ಇದು ನೇರವಾಗಿ ಸೀಳಿತ್ತು.

"ಇದು ಚಾಕು ಕಣೋ. ನಿಜ ಹೇಳು."

ಕಾಫಿ ಲೋಟ ಕೆಳಗಿಟ್ಟು ಹೇಳಿದ. ಗುರುವಾರ ನದಿ ದಾಟುವಾಗ ಮಂಜುಗಡ್ಡೆ ಒಡೆದು ಬಂಡಿಯ ಹಿಂಭಾಗ ಕುಸಿಯಿತಂತೆ. ಇವನು ಕತ್ತಿನವರೆಗೆ ನೀರಲ್ಲಿ. ಸೊಂಟದ ಚಾಕು ಕಿತ್ತು ಸೀಟಿಗೆ ಚುಚ್ಚಿ, ಅದನ್ನೇ ಹಿಡಿದು ಮೇಲೆ ಹತ್ತಿದನಂತೆ.

"ಹೇಳಿದ್ರೆ ನೀನು ಬೀಗದ ಕೈ ಬಚ್ಚಿಡ್ತಿದ್ದೆ."

"ಬಚ್ಚಿಡದೆ ಮುದ್ದು ಮಾಡ್ಲಾ?"

ಎರಡು ಸಲ ಸೂಜಿ ಚುಚ್ಚಿಕೊಂಡೆ. ಹೇಗೋ ಹೊಲಿಗೆ ಮುಗಿಸಿದೆ. ನಾವು ಸಾಕಿದ ಹಿಮಸಾರಂಗಗಳು ನದಿಯ ಆಚೆ ದಡದಲ್ಲಿವೆ, ಕರು ಹಾಕುವ ಕಾಲ. ಬೆಳಿಗ್ಗೆ ಅವನು ಹೋಗಲೇಬೇಕು.

"ಸೇತುವೆ ಮೇಲೆ ಬಳಸ್ಕೊಂಡು ಹೋಗ್ತೀಯ ತಾನೆ?"

"ಹೂಂ ಅಕ್ಕ" ಅಂದ, ಬೂಟಿನ ಕಡೆ ನೋಡಿಕೊಂಡು.

ಸೇತುವೆ ಮೇಲಿಂದ ಎರಡು ಗಂಟೆ ದಾರಿ. ನೇರ ನದಿ ದಾಟಿದರೆ ಹತ್ತೇ ನಿಮಿಷ. ನನ್ನ ಮುಖ ನೋಡಿ ಹೂಂ ಅಂದಿದ್ದರೆ ನಾನೂ ಇಷ್ಟು ಹೊತ್ತಿಗೆ ಮಲಗಿರುತ್ತಿದ್ದೆ.