ಬಂದವರಿಗೆ ಎತ್ತಿಟ್ಟಿದ್ದು

ಸೆಪ್ಟೆಂಬರ್ 14, ಭಾನುವಾರ

ಅತ್ತೆಯಿಂದ ಮತ್ತೆ ಬೈಸಿಕೊಂಡೆ. ಫಾರಿನ್ ಸೋಪು ಹಚ್ಚಿಕೊಂಡಿದ್ದಕ್ಕೆ. ಈ ಮನೆಯಲ್ಲಿ ಎಲ್ಲವೂ ಎರಡೆರಡು — ಬಂದವರಿಗೆ ಫಾರಿನ್, ನಮಗೆ ಲೋಕಲ್. ಸೋಪು, ಬಿಸ್ಕತ್ತು, ಕಾಫಿಪುಡಿ... ಮಾವ ಮಾಡಿಟ್ಟ ಕಾನೂನು. ಮಾವ ಹೋಗಿ ವರ್ಷ ತುಂಬಿತು, ಕಾನೂನು ಹೋಗಲಿಲ್ಲ.

ಮುಂದಿನ ಭಾನುವಾರ ಮಹಾಲಯ ಅಮಾವಾಸ್ಯೆ. ಮಾವನಿಗೆ ಮೊದಲ ಎಡೆ. ಅಂದು ಅದಾಗುವ ತನಕ ಅತ್ತೆ ಉಪವಾಸ. ಶುಗರ್ ಬೇರೆ. ಶ್ರಾವಣ ಶನಿವಾರ ಹಸಿದಿದ್ದು ಅಡುಗೆಮನೆಯಲ್ಲೇ ಕುಸಿದಿದ್ದರು.

ಸೆ. 17, ಬುಧವಾರ

ಯೋಗಿ ಎಡೆಗೆ ಸ್ಕಾಚ್ ತಂದ. ನನ್ನ ಗಂಡನಿಗೆ ಇದು ಬರೀ ಶೋಕಿ ಅಂದುಕೊಂಡಿದ್ದೆ. “ಫಸ್ಟ್ ಸಂಬ್ಳದಲ್ಲಿ ಇಂಥದ್ದೇ ಕೊಡ್ಸಿದ್ದೆ. ಅಪ್ಪ ಒಂದು ಗುಟುಕೂ ಕುಡೀಲಿಲ್ಲ ಕಣೆ. ಬಂದೋರಿಗೇ ಬಗ್ಗಿಸಿದ್ರು. ಈಗ್ಲಾದ್ರೂ ಕುಡೀಲಿ.” ಕಣ್ಣು ತುಂಬಿತ್ತು.

ಅತ್ತೆ ಬಾಟಲಿ ನೋಡಿದರು. “ಇದು ಬಂದೋರ್ದು. ಅವ್ರು ಮುಟ್ಟಲ್ಲ. ಅವ್ರು ಉಣ್ದೆ ನಾನೆಂಗವ್ವ ಉಣ್ಲಿ?”

ಅಷ್ಟೇ. ಹೋಗಿ ಮಲಗಿದರು. ನನಗೆಲ್ಲಿಯ ನಿದ್ದೆ?

ಸೆ. 19, ಶುಕ್ರವಾರ

ಪಕ್ಕದ ಮನೆ ಬೈರಣ್ಣನವರನ್ನು ಕೇಳಿದೆ, ಮಾವ ಕುಡಿಯುತ್ತಿದ್ದುದು ಯಾವುದು ಅಂತ. ಇಬ್ಬರೂ ಜೊತೆಗಾರರಲ್ಲವೇ. “ಅಸಿರು ಪ್ಯಾಕೆಟ್ಟು ಕಣವ್ವ, ನೈಂಟಿ. ಅದ್ ಬಿಟ್ಟು ನಿಮ್ಮಾವ ಬ್ಯಾರೆ ಮುಟ್ದೋರಲ್ಲ.”

ತೊಂಬತ್ತು ಎಂ.ಎಲ್. ಲೋಕಲ್ ವಿಸ್ಕಿ. ಅದನ್ನೇ ಎಡೆಗಿಡೋಣ ಎಂದು ಯೋಗಿಗೆ ಹೇಳಿದೆ. ಸಿಡಿದ. “ಚಿಕ್ಕಪ್ಪನೋರೆಲ್ಲ ಬರ್ತಾರೆ. ಅವ್ರೆದುರಿಗೆ ನಮ್ಮಪ್ಪಂಗೆ ಪ್ಯಾಕೆಟ್ ಇಡ್ತೀಯಾ?”

ಸೆ. 20, ಶನಿವಾರ

ತಂದುಬಿಟ್ಟೆ! ನಮ್ಮ ಶೆಟ್ಟಿಹಳ್ಳಿಯಲ್ಲಿ ಕೊಂಡರೆ ಊರಿಗೆಲ್ಲ ಸುದ್ದಿ. ಸ್ಕೂಟರ್ ಮತ್ತಿಕೆರೆಗೆ ಬಿಟ್ಟೆ. ವೈನ್ ಶಾಪಿನ ಮುಂದೆ ಕಾಲೇಜು ಹುಡುಗರ ದಂಡು. “ಆಂಟಿ, ನೀವ್ ಮುಂದೆ ಬನ್ನಿ” — ದಾರಿ ಬೇರೆ ಬಿಟ್ಟರು. ಭೂಮಿ ಬಾಯಿಬಿಟ್ಟು ನುಂಗಬಾರದೇ!

ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ದೇನೆ. ಮಕ್ಕಳ ಜ್ಯೂಸ್ ಪ್ಯಾಕೆಟ್ಟಿನಷ್ಟಿದೆ. ಇಟ್ಟರೆ ಯೋಗಿ ಜೊತೆ ಜಗಳ. ಇಡದಿದ್ದರೆ ಅತ್ತೆ...

ಸೆ. 21, ಭಾನುವಾರ. ಮಧ್ಯಾಹ್ನ ಎರಡು

ಅತ್ತೆ ಬೆಳಗಿನಿಂದ ಏನೂ ಮುಟ್ಟಿಲ್ಲ. ಹಣೆಯೆಲ್ಲ ಬೆವರು. ಮಾವನ ಫೋಟೊ ಮುಂದೆ ಹೊಸ ಪಂಚೆ, ಮುದ್ದೆ, ಮಟನ್ ಸಾರು, ವಡೆ, ನಡುವೆ ಸ್ಕಾಚ್. ಇನ್ನು ಹಿರಿಯರು ಬಂದು ಉಣ್ಣಲಿ ಎಂದು ನಾವೆಲ್ಲ ಹೊರಬಂದು ಬಾಗಿಲು ಹಾಕಬೇಕು. ಅತ್ತೆ ಗೋಡೆಗೊರಗಿದರು. “ಆಕ್ರಪ್ಪ ಬಾಗ್ಲ. ಅವ್ರಂತೂ ಮುಟ್ಟಲ್ಲ.”

ತಡೆಯಲಾಗಲಿಲ್ಲ. ಹೋಗಿ ಅಕ್ಕಿ ಡಬ್ಬಕ್ಕೆ ಕೈ ಹಾಕಿದೆ. ಎಲ್ಲರೆದುರೇ ಪ್ಯಾಕೆಟ್ ತಂದೆ. ಚಿಕ್ಕಪ್ಪ ಕಣ್ಣು ಕಣ್ಣು ಬಿಟ್ಟರು. ಯೋಗಿ ಕಿತ್ತುಕೊಂಡ. ಮುಗಿಯಿತು ನನ್ನ ಕಥೆ ಅಂದುಕೊಂಡೆ.

ಕತ್ತರಿ ಕೇಳಿದ. ಮೂಲೆ ಕತ್ತರಿಸಿ ಮಾವನ ಸ್ಟೀಲ್ ಲೋಟಕ್ಕೆ ಸುರಿದು ಎಲೆ ಹತ್ತಿರ ಇಟ್ಟ. ಸ್ಕಾಚ್ ತೆಗೆಯಲಿಲ್ಲ, ಪಕ್ಕಕ್ಕೆ ಸರಿಸಿದ. “ಇದು ಚಿಕ್ಕಪ್ಪಂಗೆ. ಅಪ್ಪನೇ ಬಗ್ಗಿಸಿ ಕೊಡ್ಲಿ.” ಬಾಗಿಲು ಹಾಕಿದ.

ಕಾಯುತ್ತಿದ್ದೇವೆ.

ಎರಡೂವರೆ

ಬಾಗಿಲು ತೆಗೆದರು. ಅತ್ತೆ ಬಗ್ಗಿ ಲೋಟವನ್ನೇ ನೋಡಿದರು. ನನಗಂತೂ ಹಾಗೇ ಇದ್ದಂತೆ ಕಂಡಿತು. ಅತ್ತೆ ಎಲೆ ಮುಂದೆ ಕೂತರು. ಮುದ್ದೆ ಮುರಿದರು. ಚಿಕ್ಕಪ್ಪನ ಕೈಯಲ್ಲಿ ಸ್ಕಾಚ್.

ಅಡುಗೆಮನೆಯಲ್ಲಿ ನಿಂತೇ ಬರೆಯುತ್ತಿದ್ದೇನೆ. ಕರೆಯುತ್ತಿದ್ದಾರೆ — “ಅರ್ಷಿತಾ, ಇನ್ನೊಸಿ ಸಾರು ಆಕ್ ಬಾರವ್ವ”—