ಉಪ್ಪು ಬಾವಿಯ ನೀರಿಗೆ ನಿಮ್ಮ ಕಿತ್ತಳೆ ಪುಡಿ

ಕೋಳಿಮರಿ ಹಂಚಿಕೆಯ ಹೊಣೆ ಹೊತ್ತ ಅಧಿಕಾರಿಗಳಿಗೆ

ಮಾನ್ಯರೇ,

ನಮ್ಮ ಹೊಳನಗದ್ದೆಯ ಮಹಿಳಾ ಸಂಘಕ್ಕೆ ನೀವು ಹಂಚಿದ ಕೋಳಿಮರಿಗಳಲ್ಲಿ ಎಷ್ಟೋ ಸತ್ತಿವೆ. ಎಲ್ಲ ಸತ್ತ ಮೇಲೆ ನಡೆಯುವ ನಿಮ್ಮ ತನಿಖೆ ನನಗೆ ಬೇಡ. ಉಳಿದವು ಬದುಕಿರುವಾಗಲೇ ಸಿಹಿನೀರು ಬೇಕು. ಕೋಳಿಯ ಕಚೇರಿಗೂ ನೀರಿಗೂ ಏನು ಸಂಬಂಧ ಎಂದು ನೀವು ಕೇಳುವಿರಿ. ಅದನ್ನು ಹೇಳುವುದಕ್ಕೇ ಈ ಬಹಿರಂಗ ಪತ್ರ.

ಮೇ ತಿಂಗಳ ಉರಿಯಲ್ಲಿ ಮರಿಗಳನ್ನು ಡಬ್ಬಿಗಳಲ್ಲಿ ತುಂಬಿ ಘಟ್ಟ ಇಳಿಸಿ ತಂದಿರಿ. ಭಾಷಣಗಳು ಮುಗಿಯುವವರೆಗೂ ಅವು ಶಾಮಿಯಾನದ ಹೊರಗೆ ಬಿಸಿಲಲ್ಲೇ ಇದ್ದವು. ಅತಿಥಿಗಳಿಗೆ ಎಳನೀರು ಬಂತು, ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತಿದ್ದವು. ಕೊನೆಗೆ ನಿಮ್ಮವರು ಕಿತ್ತಳೆ ಬಣ್ಣದ ಪುಡಿಯ ಪೊಟ್ಟಣ ಕೊಟ್ಟು, ಇದರಲ್ಲಿ ಲವಣವೂ ಇದೆ ವಿಟಮಿನ್ನೂ ಇದೆ, ದಣಿದ ಕೋಳಿಗೆ ಇದಕ್ಕಿಂತ ಒಳ್ಳೆಯದಿಲ್ಲ, ನೀರಿಗೆ ಬೆರೆಸಿ ಕುಡಿಸಿ ಎಂದರು. ಯಾವ ನೀರಿಗೆ ಎಂದು ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಕಡಲಂಚಿನ ನಮ್ಮ ಕೇರಿಯ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುತ್ತವೆ. ಮನುಷ್ಯರಿಗೆ ಟ್ಯಾಂಕರ್ ನೀರು, ದನಕ್ಕೂ ಕೋಳಿಗೂ ಬಾವಿ ನೀರು. ಇದನ್ನು ಮೀರುವವರು ಇಲ್ಲಿ ಯಾರೂ ಇಲ್ಲ. ನನ್ನ ಅತ್ತೆ ತಿಮ್ಮಕ್ಕ ಟ್ಯಾಂಕರ್ ನೀರಿನ ಕೊಡಪಾನಕ್ಕೆ ಮುಚ್ಚಳ ಹಾಕಿ ಅದರ ಮೇಲೊಂದು ಕಲ್ಲನ್ನೂ ಇಡುವವರು. ಹಾಗಾಗಿ ನಿಮ್ಮ ಲವಣದ ಪುಡಿ ನಮ್ಮ ಉಪ್ಪು ನೀರಿಗೇ ಬಿತ್ತು. ಕುಡಿದಷ್ಟೂ ಮರಿಗಳಿಗೆ ಬಾಯಾರಿಕೆ ಹೆಚ್ಚಿತು, ಬಾಯಾರಿದಷ್ಟೂ ಅವು ಕುಡಿದವು. ನೀರು ನೀರಾಗಿ ಹಿಕ್ಕೆ ಹಾಕಿ, ಕಾಲು ತಡವರಿಸಿ ಬೀಳತೊಡಗಿದವು. ನಿಮ್ಮ ಕಚೇರಿಗೆ ಫೋನು ಮಾಡಿದರೆ, ಬಿಸಿಲಿನ ಒತ್ತಡ, ಪುಡಿ ಇನ್ನಷ್ಟು ಹಾಕಿ ಎಂಬ ಅಪ್ಪಣೆಯಾಯಿತು. ವಿಧೇಯಳಾಗಿ ಹಾಕಿದೆ. ಸಂಜೆಯೊಳಗೆ ಬುಟ್ಟಿ ಅರ್ಧ ಖಾಲಿಯಾಯಿತು. ಕೂತಲ್ಲಿಂದಲೇ ರೋಗ ಕಂಡುಹಿಡಿಯುವ ನಿಮ್ಮ ದಿವ್ಯದೃಷ್ಟಿಗೆ ನಮ್ಮ ಬಾವಿ ಮಾತ್ರ ಕಾಣಲಿಲ್ಲವೇ?

ಪಕ್ಕದ ಮನೆಯ ಹೊನ್ನಿಯ ಮರಿಗಳು ಚೇತರಿಸಿಕೊಂಡವು. ಅವಳ ಬಾವಿಯ ಹಗ್ಗ ತುಂಡಾಗಿತ್ತು. ಬೇರೆ ಗತಿಯಿಲ್ಲದೆ ಟ್ಯಾಂಕರ್ ನೀರಿಗೇ ಪುಡಿ ಬೆರೆಸಿದ್ದಳು. ಅದೇ ಪುಡಿ, ಅದೇ ಬಿಸಿಲು. ನಾನು ಓಡಿಬಂದು ನಮ್ಮ ಬಟ್ಟಲಿಗೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ, ಉಗುಳಬೇಕಾಯಿತು. ಇದನ್ನು ಕೈಯಾರೆ ಕುಡಿಸಿದೆನಲ್ಲ ಎಂದು ಅಂಗಳದಲ್ಲೇ ಕೂತು ಅತ್ತುಬಿಟ್ಟೆ.

ಆಮೇಲೆ ಅತ್ತೆಯ ಕಲ್ಲು ಸರಿಸಿ ಕೊಡಪಾನಕ್ಕೆ ತಂಬಿಗೆ ಹಾಕಿದೆ. ಮನೆಯಲ್ಲಿ ಜಗಳವಾಯಿತು.

"ಕೋಳಿಗೆ ಟ್ಯಾಂಕರ್ ನೀರಾ? ನಾಳೆ ಮನ್ಷರು ಎಂತ ಕುಡೂದು?" ಎಂದರು ಅತ್ತೆ.

ಆದರೆ ಮರುದಿನ ಮರಿಗಳು ಕತ್ತು ಎತ್ತಿ ನಿಂತದ್ದನ್ನು ಕಂಡು, ತಮ್ಮ ಪಾಲಿನ ನೀರನ್ನು ಅವರೇ ಬಟ್ಟಲಿಗೆ ಸುರಿದರು. ಸಾವು ನಿಂತಿತು. ಅಷ್ಟರಲ್ಲಿ ಟ್ಯಾಂಕರ್ ಬರುವುದೂ ನಿಂತಿತು. ಕೆಟ್ಟಿದೆಯಂತೆ. ಯಾವಾಗ ಸರಿಯಾಗುತ್ತದೆಂದು ಯಾರಿಗೂ ಗೊತ್ತಿಲ್ಲ. ನೀವೋ, ನಮ್ಮ ಮರಿಗಳ ಸಾವಿಗೆ ಫಲಾನುಭವಿಯ ನಿರ್ವಹಣಾ ಲೋಪವೇ ಕಾರಣ ಎಂದು ಷರಾ ಬರೆದು ಕೈತೊಳೆದುಕೊಂಡಿರಿ. ಯಾವ ನೀರಿನಲ್ಲಿ ತೊಳೆದಿರಿ, ಸ್ವಾಮಿ?

ಮುಂದಿನ ವಾರ ಇದೇ ಮರಿ, ಇದೇ ಪೊಟ್ಟಣ ಹೊನ್ನಾವರ, ಭಟ್ಕಳದ ಕಡಲ ಕೇರಿಗಳಿಗೂ ಹೋಗುತ್ತವಂತೆ. ಹಂಚುವ ಮೊದಲು ಅಲ್ಲಿಯ ಬಾವಿ ನೀರನ್ನು ಬಾಯಿಗೆ ಹಾಕಿ ನೋಡಿ. ಉಪ್ಪು ನೀರಿಗೆ ಬೆರೆಸಬೇಡಿ ಎಂದು ಒಬ್ಬೊಬ್ಬರಿಗೂ ಬಾಯಿಬಿಟ್ಟು ಹೇಳಿ. ನಮ್ಮ ಕೇರಿಗೆ ಇವತ್ತೇ, ಯಾರ ಕಾಲು ಹಿಡಿದಾದರೂ ಸರಿ, ಸಿಹಿನೀರು ಕಳಿಸಿ. ಕೈಮುಗಿದು ಬೇಡುತ್ತೇನೆ.

ಇದನ್ನು ಬರೆಯುವಾಗ ಮರಿಗಳು ಖಾಲಿ ಬಟ್ಟಲನ್ನು ಕುಕ್ಕುತ್ತಿವೆ. ಕೊಡಪಾನದ ತಳದಲ್ಲಿ ಒಂದು ತಂಬಿಗೆ ನೀರಿದೆ. ಅತ್ತೆ ಕೊಡಪಾನವನ್ನೇ ಎತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದಾರೆ.

"ಗಂಜಿಗೆ ಇಡೂದೋ, ಮರಿಗೆ ಇಡೂದೋ, ಹೇಳು" ಎನ್ನುತ್ತಿದ್ದಾರೆ.

ನೀವೇ ಬಂದು ಅವರಿಗೆ ಹೇಳಿ.

ಇಂತಿ,
ನಿಮ್ಮ ಕಡತದಲ್ಲಿ ಫಲಾನುಭವಿ ಎನಿಸಿಕೊಂಡ
ಕವಿತಾ, ಹೊಳನಗದ್ದೆ, ಕುಮಟಾ