ಕೇಬಲ್‌ನಾಗ ಬಂದ ಜಪಾನಿ ದೆವ್ವ

ಕಲ್ಲೋಳಿ
೧೦-೬-೨೦೦೪

ಶ್ರೇಣಿಕ ಕಾಕಾ ಅವರಿಗೆ, ಜೈ ಜಿನೇಂದ್ರ.

ನಾನು ಹೆರಿಗಿಗೆ ತವರಿಗೆ ಬಂದು ತಿಂಗಳಾತು. ಹೋದ ಐತವಾರ ಮಧ್ಯಾಹ್ನ ನಿಮ್ಮ ಕೇಬಲ್‌ನಾಗ ಒಂದು ಜಪಾನಿ ದೆವ್ವದ ಸಿನಿಮಾ ಹಾಕಿದ್ರಿ. ಯಾರೋ ಮನಿಯೊಳಗ ಹ್ಯಾಂಡಿಕ್ಯಾಮ್ ಹಿಡಿದು ತಗದಂಗ ಇತ್ತು. ಅದಕ್ಕ ಓಣಿ ಮಂದಿ ಅದನ್ನ ಖರೇನ ಅಂತ ತಿಳಕೊಂಡಾರ. ಅದರಾಗಿನ ದೆವ್ವ ಮಾತು ಬಾರದ ಹುಡುಗಿ. ಕೂದಲ ಹರವಿಕೊಂಡು ಗಂಟಲದಾಗ ಸಪ್ಪಳ ಮಾಡತಿದ್ದಳು. ಟಿವಿಯೊಳಗ ಮಾತು ಬಾರದಾಕಿನ್ನ ನಮ್ಮ ಮಂದಿ ನೋಡಿದ್ದು ಅದ ಮೊದಲ.

ನಮ್ಮಕ್ಕ ರಾಜಮತಿಗೂ ಹುಟ್ಟಿನಿಂದ ಮಾತಿಲ್ಲ, ನಿಮಗ ಗೊತ್ತೈತಿ. ಮರುದಿನ ನಳದ ಹತ್ರ ಆಕಿ ಯಾರನ್ನೋ ಕರಿಯಾಕ ಬಾಯಿ ತೆರೆದಳು. ಹುಡುಗರು ಚೀರಿ ಓಡಿದ್ರು. "ಆಕಿನ್ನ ಒಳಗ ಇಟಗೋರಿ, ಮಕ್ಕಳು ಅಂಜತಾವ" ಅಂತ ಬಾಜೂಮನಿ ಕೆಂಪವ್ವ ಅವ್ವನ ಮುಂದ ಅಂದಳು. ಅವ್ವ ಅಕ್ಕನ್ನ ಕುಂದರಿಸಿ ಕೂದಲ ಕತ್ತರಿಸಿದಳು. ಅವತ್ತಿನಿಂದ ಅಕ್ಕ ಹೊರಗ ಬಂದಿಲ್ಲ, ಸಪ್ಪಳಾನೂ ಮಾಡಿಲ್ಲ.

ಆ ಸಿನಿಮಾ ಮತ್ತ ಹಾಕಬ್ಯಾಡ್ರಿ ಅಂತ ಕೇಳಾಕ ಈ ಪತ್ರ ಬರದಿಲ್ಲ. ನನ್ನ ಮದವಿಯೊಳಗ ಕ್ಯಾಮೆರಾ ಹಿಡದಾವರು ನೀವ. ಅಕ್ಕ ನನಗ ಅರಿಷಿಣ ಹಚ್ಚಿ, ಎಲ್ಲಾರ ಮುಂದ ತನ್ನ ದನಿಲೇ ಜೋರಾಗಿ ನಕ್ಕಿದ್ದಳು. ಗಂಡಿನ ಕಡೆಯವರು ನೋಡತಾರ, ಆ ಭಾಗ ತಗೀರಿ ಅಂತ ನಿಮಗ ಹೇಳಿದಾಕಿ ನಾನ.

ಮದವಿಯ ಮೂಲ ಕ್ಯಾಸೆಟ್ ಇನ್ನೂ ಇದ್ರ ಈ ಐತವಾರ ಮಧ್ಯಾಹ್ನ ಅದ ಹೊತ್ತಿಗೆ ಕೇಬಲ್‌ನಾಗ ಹಾಕ್ರಿ. ಆಕಿ ನಗೋದನ್ನ ಪೂರ್ತಿ ಹಾಕ್ರಿ. ದನಿ ಸಣ್ಣ ಮಾಡಬ್ಯಾಡ್ರಿ.

ಇಂತಿ,
ನೇಮಣ್ಣನ ಸಣ್ಣ ಮಗಳು
ಪದ್ಮಶ್ರೀ